ಡೈರಿ ಬರೆದಷ್ಟೂ ಅಳು ಹೆಚ್ಚುತ್ತಿದೆ, ನಿಲ್ಲಿಸಿಬಿಡಲೇ?

ಪ್ರಶ್ನೆ: ನನಗೆ 31 ವರ್ಷ. ದಾವಣಗೆರೆಯಲ್ಲಿ ಅತ್ತೆ, ಮಾವನ ಜೊತೆಗಿದ್ದೇವೆ. ದೊಡ್ಡವಳಿಗೆ ನಾಲ್ಕು ವರ್ಷ, ಚಿಕ್ಕವನಿಗೆ ಏಳು ತಿಂಗಳು. ಬಾಣಂತನ ಮುಗಿಸಿಕೊಂಡು ತವರಿನಿಂದ ಬಂದಾಗಿನಿಂದ ಒಂಥರಾ ಬೇಸರ. ಬೆಂಗಳೂರಿನಲ್ಲಿರುವ ತಂಗಿ, ‘ದಿನಾ ಡೈರಿ ಬರಿ ಅಕ್ಕ, ಮನಸ್ಸು ಹಗುರ ಆಗುತ್ತೆ’ ಅಂತ ಚೆಂದದ ಪುಸ್ತಕವೊಂದನ್ನು ಕಳಿಸಿದಳು. ಮೂರು ತಿಂಗಳಿಂದ ರಾತ್ರಿ ಎಲ್ಲರೂ ಮಲಗಿದ ಮೇಲೆ ಬರೆಯುತ್ತಿದ್ದೇನೆ. ಹಗುರ ಆಗುವುದಿರಲಿ, ಬರೆದ ಮೇಲೆ ಅಳು ಬರುತ್ತದೆ, ನಿದ್ದೆ ಹಾರಿಹೋಗುತ್ತದೆ. ಹಿಂದಿನ ಪುಟ ತಿರುವಿದರೆ ಎಲ್ಲ ಒಂದೇ: ‘ಇವತ್ತೂ ಅದೇ. ನನ್ನ ಕಷ್ಟ ಯಾರಿಗೂ ಕಾಣಲ್ಲ. ನಾನು ಒಳ್ಳೆ ತಾಯಿಯೇ ಅಲ್ಲ.’ ತಂಗಿ ಹೇಳಿದಂತೆ ದಿನಕ್ಕೆ ಮೂರು ಒಳ್ಳೆಯ ಸಂಗತಿ ಬರೆಯಲು ಕೂತರೆ ಇನ್ನೂ ಹಿಂಸೆ. ಅತ್ತೆಯ ಕಣ್ಣಿಗೆ ಬಿದ್ದರೆ ಎಂಬ ಭಯ ಬೇರೆ. ಪುಸ್ತಕವನ್ನು ಸೀರೆಗಳ ನಡುವೆ ಬಚ್ಚಿಡುತ್ತೇನೆ. ಬರೆಯುವುದು ನನ್ನಂಥವರಿಗೆ ಆಗಿಬರುವುದಿಲ್ಲವೇ? (ಹೆಸರು ಬೇಡ)

ಉತ್ತರ: ಈಗ ಬರೆಯುತ್ತಿರುವ ರೀತಿಯನ್ನು ಇವತ್ತೇ ನಿಲ್ಲಿಸಿ. ಬರೆಯುವುದನ್ನೇ ಬಿಡಬೇಕಿಲ್ಲ. ನಿಮ್ಮ ತಂಗಿ ಹೇಳಿದ್ದು ಸುಳ್ಳಲ್ಲ, ಅರ್ಧ ಸಲಹೆ ಅಷ್ಟೆ. ಉಳಿದರ್ಧ ಗೊತ್ತಿಲ್ಲದೆ ಎಷ್ಟೋ ತಾಯಂದಿರು ‘ನನಗೆ ಡೈರಿ ಬರೆಯುವುದಕ್ಕೂ ಬರಲ್ಲ’ ಎಂದು ಇನ್ನೊಂದು ತಪ್ಪನ್ನು ತಮ್ಮ ತಲೆಗೇ ಕಟ್ಟಿಕೊಳ್ಳುತ್ತಾರೆ. ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಒಂದು ನೀವು ಕೇಳಿದ್ದು, ಬರವಣಿಗೆಯದು. ಇನ್ನೊಂದನ್ನು ನೀವು ಕೇಳಿಲ್ಲ, ಅದು ಆ ‘ಒಂಥರಾ ಬೇಸರ’ದ್ದು. ಎರಡನ್ನೂ ನೋಡೋಣ, ಎರಡನೆಯದು ಹೆಚ್ಚು ಮುಖ್ಯ, ಹಾಗಾಗಿ ಮಧ್ಯದಲ್ಲೇ ಓದು ನಿಲ್ಲಿಸಬೇಡಿ.

‘ಬರೆದರೆ ಮನಸ್ಸು ಹಗುರ’ ಎಂಬ ಮಾತಿಗೆ ಆಧಾರ ಇದೆ. 1986ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನಿಬೇಕರ್ ಮತ್ತು ಸ್ಯಾಂಡ್ರಾ ಬೀಲ್ ಕಾಲೇಜು ವಿದ್ಯಾರ್ಥಿಗಳಿಂದ ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ, ಬದುಕಿನಲ್ಲಿ ತುಂಬ ನೋಯಿಸಿದ ಸಂಗತಿಯ ಬಗ್ಗೆ ಬರೆಸಿದರು. ನಡೆದದ್ದನ್ನೂ ಅನಿಸಿದ್ದನ್ನೂ ಸೇರಿಸಿ ಬರೆದವರು ಬರೆದು ಎದ್ದಾಗ ಮೊದಲಿಗಿಂತ ಕುಗ್ಗಿದ್ದರು. ಆದರೆ ಮುಂದಿನ ತಿಂಗಳುಗಳಲ್ಲಿ ಅವರು ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋದದ್ದು ಉಳಿದವರಿಗಿಂತ ಕಡಿಮೆ. ಆಮೇಲೆ ಇಂಥ ಪ್ರಯೋಗಗಳು ನೂರಾರು ನಡೆದವು. 2006ರಲ್ಲಿ 146 ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗ ಕಂಡದ್ದು ಇಷ್ಟು: ಪ್ರಯೋಜನ ಇದೆ, ಆದರೆ ಸಣ್ಣದು. ಡೈರಿ ಮಾರುವವರು ಈ ‘ಸಣ್ಣದು’ ಎಂಬುದನ್ನು ಹೇಳುವುದಿಲ್ಲ.

ಬರೆದ ಕೂಡಲೇ ಹಗುರಾಗಬೇಕು ಎಂದೇನೂ ಇಲ್ಲ. ಒಂದೆರಡು ಗಂಟೆ ಭಾರವಾಗಿದ್ದು ಆಮೇಲೆ ಇಳಿದರೆ ಅದು ಸಹಜ. ಇನ್ನು, ಆ ವಿದ್ಯಾರ್ಥಿಗಳು ಬರೆದದ್ದು ನಾಲ್ಕೇ ದಿನ. ಬರೆದರು, ಎದ್ದರು, ಮುಗಿಯಿತು. ದಿನವೂ, ತಿಂಗಳುಗಟ್ಟಲೆ, ಅದೇ ನೋವಿನ ಬಗ್ಗೆ ಬರೆಯಬೇಕೆಂದು ಯಾರೂ ಹೇಳಿರಲಿಲ್ಲ. ನೀವು ಮೂರು ತಿಂಗಳಿಂದ ಮಾಡುತ್ತಿರುವುದಕ್ಕೆ ಮನಶ್ಶಾಸ್ತ್ರದಲ್ಲಿ ಬೇರೆ ಹೆಸರಿದೆ: ಮೆಲುಕು. ಸೂಸನ್ ನೋಲೆನ್-ಹೋಕ್ಸೆಮಾ ಎಂಬ ಸಂಶೋಧಕಿ ತಮ್ಮ ವೃತ್ತಿಜೀವನದ ಬಹುಭಾಗವನ್ನು ಇದರ ಅಧ್ಯಯನಕ್ಕೇ ಮೀಸಲಿಟ್ಟಿದ್ದರು. ‘ನಾನೇಕೆ ಹೀಗೆ’ ಎಂದು ಒಂದೇ ದುಃಖವನ್ನು ತಿರುತಿರುಗಿ ಯೋಚಿಸುವುದರಿಂದ ಖಿನ್ನತೆ ಇಳಿಯುವುದಿಲ್ಲ, ಇನ್ನಷ್ಟು ದಿನ ಎಳೆಯುತ್ತದೆ ಎಂದು ಅವರ ಕೆಲಸ ತೋರಿಸಿತು. ತಲೆಯೊಳಗೆ ನಡೆಯುವ ಮೆಲುಕನ್ನು ಕಾಗದದ ಮೇಲೆ ನಡೆಸಿದರೂ ಅದು ಮೆಲುಕೇ. ಪೆನ್ನು ಹಿಡಿದ ಮಾತ್ರಕ್ಕೆ ಅದು ಆತ್ಮಾವಲೋಕನ ಆಗುವುದಿಲ್ಲ.

ವ್ಯತ್ಯಾಸ ಎಲ್ಲಿದೆ? ನೀವು ಕಳಿಸಿದ ಮೂರು ವಾಕ್ಯಗಳನ್ನೇ ನೋಡಿ. ‘ಇವತ್ತೂ ಅದೇ.’ ‘ನನ್ನ ಕಷ್ಟ ಯಾರಿಗೂ ಕಾಣಲ್ಲ.’ ‘ನಾನು ಒಳ್ಳೆ ತಾಯಿಯೇ ಅಲ್ಲ.’ ಮೂರೂ ತೀರ್ಪುಗಳು. ಘಟನೆ ಒಂದೂ ಇಲ್ಲ. ಹೊತ್ತಿಲ್ಲ, ಜಾಗವಿಲ್ಲ, ಯಾರು ಏನೆಂದರು ಎಂಬುದಿಲ್ಲ, ‘ಏಕೆಂದರೆ’ ಎಂಬ ಪದವೇ ಇಲ್ಲ. ಪೆನ್ನಿಬೇಕರ್ ಮುಂದೆ ಆ ಬರಹಗಳ ಪದಗಳನ್ನೇ ಎಣಿಸಿ ನೋಡಿದಾಗ, ಸುಧಾರಿಸಿದವರ ಬರಹದಲ್ಲಿ ದಿನದಿಂದ ದಿನಕ್ಕೆ ‘ಏಕೆಂದರೆ’, ‘ಈಗ ಗೊತ್ತಾಗುತ್ತಿದೆ’ ಎಂಬಂಥ ಕಾರಣ ಹುಡುಕುವ ಮಾತುಗಳು ಹೆಚ್ಚುತ್ತಾ ಹೋಗಿದ್ದವು. ಮೊದಲ ದಿನ ಬರೆದದ್ದನ್ನೇ ನಾಲ್ಕನೇ ದಿನವೂ ಬರೆದವರಿಗೆ ಅಷ್ಟು ಉಪಯೋಗವಾಗಲಿಲ್ಲ.

ಅದೇ ಸಂಜೆಯನ್ನು ಬೇರೆ ರೀತಿ ಬರೆದರೆ ಹೇಗಿರುತ್ತದೆ? ಇದು ನಾನು ಊಹಿಸಿ ಬರೆದ ಪುಟ. ನಿಮ್ಮದಕ್ಕೆ ಹತ್ತಿರ ಇರಬಹುದು:

‘ಮಂಗಳವಾರ, ರಾತ್ರಿ ಎಂಟೂವರೆ. ದೊಡ್ಡವಳು ಅನ್ನ ಉಗುಳಿದಳು. ತಟ್ಟೆ ಕುಕ್ಕಿ ಬೈದೆ, ಅವಳು ಹೆದರಿ ಸುಮ್ಮನಾದಳು. ಅತ್ತೆ, “ನಾವು ನಾಕು ಮಕ್ಕಳನ್ನ ಸಾಕಿದ್ವಿ, ಇಷ್ಟು ಕೂಗಾಡಿರಲಿಲ್ಲ” ಅಂದರು. ಸಿಟ್ಟು ಬಂತು ಅಂದುಕೊಂಡೆ, ಬಂದದ್ದು ಅವಮಾನ. ಹಿಂದಿನ ರಾತ್ರಿ ನಾಲ್ಕು ಸಲ ಎದ್ದಿದ್ದೆ. ಮಧ್ಯಾಹ್ನದ ಊಟ ಆದಾಗ ಮೂರೂವರೆ. ಅವಳಿಗೂ ನಿದ್ದೆ ತೂಗುತ್ತಿತ್ತು, ಏಕೆಂದರೆ ಮಧ್ಯಾಹ್ನ ಮಲಗಿರಲಿಲ್ಲ. ನಾಳೆ ಅವಳ ಊಟ ಏಳೂವರೆಗೆ, ಇವರು ಬಂದ ಕೂಡಲೇ ಇವರೇ ತಿನ್ನಿಸಲಿ. ಕೇಳಬೇಕು.’

ಹತ್ತು ಸಾಲೂ ಇಲ್ಲ. ಇಲ್ಲಿ ‘ಒಳ್ಳೆ ತಾಯಿ ಅಲ್ಲ’ ಎಂಬ ತೀರ್ಪಿಗೆ ಜಾಗವೇ ಸಿಗಲಿಲ್ಲ. ನಿದ್ದೆಗೆಟ್ಟು, ಹಸಿದು, ಅವಮಾನಗೊಂಡ ಒಬ್ಬ ಹೆಂಗಸು ಕಾಣುತ್ತಾಳೆ. ಸಿಟ್ಟಿನ ಕೆಳಗಿದ್ದದ್ದು ಅವಮಾನ ಎಂದು ಗೊತ್ತಾಯಿತು. ಭಾವನೆಗೆ ಸರಿಯಾದ ಹೆಸರಿಟ್ಟರೆ ಅದರ ಬಿಸಿ ಸ್ವಲ್ಪ ಇಳಿಯುತ್ತದೆ ಎಂಬುದನ್ನು ಮಿದುಳಿನ ಸ್ಕ್ಯಾನ್ ಅಧ್ಯಯನಗಳೂ ತೋರಿಸಿವೆ. ಹಾಗಾಗಿ ‘ಬೇಜಾರು’ ಎಂಬ ಒಂದೇ ಪದದಲ್ಲಿ ಎಲ್ಲವನ್ನೂ ತುಂಬಬೇಡಿ. ಬೇಜಾರು, ಸುಸ್ತು, ಅವಮಾನ, ಅಸೂಯೆ, ಒಂಟಿತನ, ಭಯ, ತವರಿನ ನೆನಪು: ಕನ್ನಡದಲ್ಲಿ ಪದಗಳಿಗೆ ಬರವಿಲ್ಲ, ಯಾವುದು ಹೊಂದುತ್ತದೋ ಹುಡುಕಿ.

ಕ್ರಮ ಇಷ್ಟೇ: ಏನಾಯಿತು, ಏನನಿಸಿತು, ಅದಕ್ಕೆ ಮುಂಚಿನ ಹನ್ನೆರಡು ಗಂಟೆಯಲ್ಲಿ ನಿದ್ದೆ ಊಟ ಹೇಗಿತ್ತು, ನಾಳೆ ಒಂದು ಸಣ್ಣ ಬದಲಾವಣೆ ಏನು. ಫೋನಿನಲ್ಲಿ 10 ನಿಮಿಷದ ಅಲಾರಂ ಇಡಿ. ಹೊಡೆದ ಕೂಡಲೇ, ವಾಕ್ಯ ಅರ್ಧಕ್ಕಿದ್ದರೂ, ನಿಲ್ಲಿಸಿ. ವಾರಕ್ಕೆ ಮೂರು ದಿನ ಸಾಕು. ಮೂರು ಸಲ ಒಂದೇ ವಿಷಯ ಬಂದರೆ ನಾಲ್ಕನೆಯ ಸಲ ಅದನ್ನು ಬರೆಯಬೇಡಿ. ಅದು ಗಂಡನ ಜೊತೆಗೋ ಇನ್ನೊಬ್ಬರ ಜೊತೆಗೋ ಬಾಯಿಬಿಟ್ಟು ಆಡಬೇಕಾದ ಮಾತು. ಬರೆಯುವಾಗ ಕೈ ನಡುಗಿದರೆ, ಎದೆ ಹೊಡೆದುಕೊಂಡರೆ ಅಲ್ಲಿಗೇ ಬಿಟ್ಟು ಎದ್ದು ಮುಖ ತೊಳೆದು ಬೇರೆ ಕೆಲಸ ಹಿಡಿಯಿರಿ. ಹೆರಿಗೆಯೇ ಭಯಾನಕ ಅನುಭವವಾಗಿದ್ದರೆ ಅದರ ಬಗ್ಗೆ ಒಬ್ಬರೇ ಕೂತು ಬರೆಯಲು ಹೊರಡಬೇಡಿ, ಆಪ್ತಸಮಾಲೋಚಕರ ಜೊತೆ ಮಾಡುವ ಕೆಲಸ ಅದು.

ಹೆಚ್ಚಿನವರು ಎಡವುವುದು ಕೊನೆಯ ಭಾಗದಲ್ಲಿ. ‘ನಾಳೆಯಿಂದ ಸಿಟ್ಟೇ ಮಾಡಲ್ಲ’ ಎಂದು ಬರೆಯುತ್ತಾರೆ. ನಾಳೆ ಸಂಜೆಗೆ ಅದು ಮುರಿಯುತ್ತದೆ, ಮುರಿದದ್ದು ಮತ್ತೊಂದು ಪುಟವಾಗುತ್ತದೆ. ಬದಲಾವಣೆ ಎಂದರೆ ಪಕ್ಕದವರ ಕಣ್ಣಿಗೂ ಕಾಣುವ ಕೆಲಸ ಆಗಿರಬೇಕು: ಊಟದ ಹೊತ್ತು ಬದಲಿಸುವುದು, ಎರಡು ಗಂಟೆಯೊಳಗೆ ತಾನು ಉಣ್ಣುವುದು. ನಿಮ್ಮ ಕೈಯಲ್ಲಿ ಏನೂ ಇಲ್ಲದ ದಿನ ‘ಇದು ನನ್ನ ಕೈಯಲ್ಲಿಲ್ಲ’ ಎಂದೇ ಬರೆಯಿರಿ. ‘ಯಾಕೆ’ ಎಂದು ಕೇಳಿಕೊಳ್ಳುವ ಕಡೆ ‘ಯಾವಾಗ’ ಎಂದು ಕೇಳಿಕೊಳ್ಳಿ. ‘ನನಗೇಕೆ ಇಷ್ಟು ಸಿಟ್ಟು’ ಎಂಬುದಕ್ಕೆ ಕೊನೆಯಿಲ್ಲ; ‘ಯಾವಾಗೆಲ್ಲ ಸಿಟ್ಟು ಬಂತು’ ಎಂಬುದಕ್ಕೆ ಎರಡು ವಾರದಲ್ಲಿ ಉತ್ತರ ಸಿಗುತ್ತದೆ. ತೀರಾ ಸಿಕ್ಕಿಕೊಂಡಾಗ ‘ನಾನು’ ಬಿಟ್ಟು ‘ಅವಳು’ ಎಂದು ಬರೆದು ನೋಡಿ. ಮೊದಲು ನಾಟಕ ಅನಿಸುತ್ತದೆ, ಆದರೆ ಬೇರೆಯವರ ಕಷ್ಟಕ್ಕೆ ನಾವು ಕೊಡುವಷ್ಟು ಕರುಣೆಯನ್ನು ನಮಗೆ ಕೊಟ್ಟುಕೊಳ್ಳಲು ಇದು ಸುಲಭದ ದಾರಿ.

ರಾತ್ರಿ ಬರೆಯುವ ಅಭ್ಯಾಸ ಬಿಡಿ. ನೋವನ್ನು ಕೆದಕಿ ದೀಪ ಆರಿಸಿದರೆ ನಿದ್ದೆ ಬರುವುದಾದರೂ ಹೇಗೆ? ಭಾರದ ಬರವಣಿಗೆ ಹಗಲಿಗಿರಲಿ, ಚಿಕ್ಕವನು ಬೆಳಗ್ಗೆ ಮಲಗುವ ಹೊತ್ತಿಗೆ. ಆ ಹೊತ್ತಿನಲ್ಲಿ ಬಟ್ಟೆ ಮಡಚುವುದು ಹತ್ತು ನಿಮಿಷ ತಡವಾದರೆ ಏನೂ ಮುಳುಗುವುದಿಲ್ಲ.

ರಾತ್ರಿಗೆ ಬೇರೆಯದೇ ಬರವಣಿಗೆಯಿದೆ, ಐದು ನಿಮಿಷದ್ದು: ನಾಳೆಯ ಪಟ್ಟಿ. 2018ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ 57 ಯುವಜನರನ್ನು ನಿದ್ರಾ ಪ್ರಯೋಗಾಲಯದಲ್ಲಿ ಮಲಗಿಸಿ ನೋಡಿದರು. ಮಲಗುವ ಮುನ್ನ ಮುಂದೆ ಮಾಡಬೇಕಾದ ಕೆಲಸಗಳ ಪಟ್ಟಿ ಬರೆದವರು, ಮಾಡಿ ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಸುಮಾರು 9 ನಿಮಿಷ ಬೇಗ ನಿದ್ದೆಹೋದರು. ಪಟ್ಟಿ ಬಿಡಿಬಿಡಿಯಾಗಿದ್ದಷ್ಟೂ ಒಳ್ಳೆಯದು. ಅವರು ಎಳೆ ಮಗುವಿನ ತಾಯಂದಿರಲ್ಲ, ನಿಜ. ಆದರೂ ‘ಮನೆ ಕೆಲಸ’ ಎಂದು ಬರೆಯದೆ ‘ಸಿಲಿಂಡರ್ ಬುಕ್ ಮಾಡಬೇಕು, ದೊಡ್ಡವಳ ನೀಲಿ ಯೂನಿಫಾರ್ಮ್ ಒಗೆಯಬೇಕು, ಚಿಕ್ಕವನ 9 ತಿಂಗಳ ಎಂಆರ್ ಲಸಿಕೆಗೆ ತಾಯಿ ಕಾರ್ಡ್ ಹುಡುಕಿಡಬೇಕು’ ಎಂದು ಇಳಿಸಿ ನೋಡಿ. ತಲೆ ಕಾಯುತ್ತಿದ್ದದ್ದನ್ನು ಕಾಗದ ಕಾಯುತ್ತದೆ.

ಈ ಪಟ್ಟಿಗೆ ಇನ್ನೊಂದು ಉಪಯೋಗ ಇದೆ. ಒಂದು ವಾರದ ಪಟ್ಟಿಗಳನ್ನು ಎದುರಿಗಿಟ್ಟುಕೊಂಡು, ನಿಮ್ಮಿಂದ ಮಾತ್ರ ಆಗುವ ಕೆಲಸಕ್ಕೆ ಒಂದು ಚುಕ್ಕೆ ಇಡಿ. ಹಾಲುಣಿಸುವುದಕ್ಕೆ ಚುಕ್ಕೆ ಬೀಳುತ್ತದೆ. ಸಿಲಿಂಡರಿಗೆ, ಯೂನಿಫಾರ್ಮಿಗೆ ಬೀಳುವುದಿಲ್ಲ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಆರೈಕೆಯ ಲೆಕ್ಕ ಇದರಲ್ಲಿ ಸೇರಿಲ್ಲ. ‘ನನ್ನ ಕಷ್ಟ ಯಾರಿಗೂ ಕಾಣಲ್ಲ’ ಎಂದು ಬರೆದಿದ್ದಿರಲ್ಲ, ಚುಕ್ಕೆಯಿಲ್ಲದ ಆ ಸಾಲುಗಳನ್ನು ಗಂಡನ ಮುಂದಿಡಿ, ಕಾಣುತ್ತದೆ. ‘ನೀವು ಏನೂ ಮಾಡಲ್ಲ’ ಎಂದರೆ ಜಗಳ. ‘ಇದರಲ್ಲಿ ಯಾವ ಮೂರು ನಿಮ್ಮದು?’ ಎಂದರೆ ಉತ್ತರ ಕೊಡಲೇಬೇಕು.

ಮೂರು ಒಳ್ಳೆಯ ಸಂಗತಿಗಳ ವಿಚಾರ: ಬಿಟ್ಟುಬಿಡಿ. ಕೃತಜ್ಞತೆಯ ಪಟ್ಟಿಯಿಂದ ಕೆಲವರಿಗೆ ಅನುಕೂಲವಾಗಿದೆ, ಸುಳ್ಳಲ್ಲ. ಆದರೆ ಮನಸ್ಸು ಕುಗ್ಗಿದವರು ಅದನ್ನು ಬರೆಯಲು ಕೂತರೆ ‘ಎರಡು ಮುತ್ತಿನಂಥ ಮಕ್ಕಳು, ಕೈಹಿಡಿದ ಗಂಡ, ಇಷ್ಟೆಲ್ಲ ಇದ್ದೂ ಅಳ್ತೀನಲ್ಲ’ ಎಂದು ಅಪರಾಧಿ ಭಾವ ಹೆಚ್ಚುತ್ತದೆ. ನಿಮಗೆ ಆಗುತ್ತಿರುವ ಹಿಂಸೆ ಇದೇ ಇರಬೇಕು. ಮುಂದೆಂದಾದರೂ ಬೇಕೆನಿಸಿದರೆ ವಾರಕ್ಕೊಮ್ಮೆ, ಒಂದೇ ಸಂಗತಿ, ಅದೂ ಕಣ್ಣಿಗೆ ಕಂಡಂತೆ: ‘ಚಿಕ್ಕವನು ರಾಗಿ ಸರಿ ತಿಂದು ಚಮಚ ಕಚ್ಚಿ ಹಿಡಿದುಕೊಂಡು ನಕ್ಕ.’ ಸಾಕು.

ಇನ್ನು ಸೀರೆಗಳ ನಡುವಿನ ಪುಸ್ತಕ. ಒಬ್ಬ ಹೆಂಗಸಿನ ಜನಪದ ಕಥೆಯೊಂದು ನಮ್ಮಲ್ಲಿದೆ. ಅವಳಿಗೊಂದು ಕಥೆ, ಒಂದು ಹಾಡು ಗೊತ್ತಿತ್ತು, ಯಾರಿಗೂ ಹೇಳುತ್ತಿರಲಿಲ್ಲ. ಒಳಗೇ ಉಸಿರುಗಟ್ಟಿದ ಅವು ಅವಳು ಮಲಗಿದ್ದಾಗ ಹೊರಬಿದ್ದವು. ಕಥೆ ಒಂದು ಜೊತೆ ಜೋಡಾಗಿ ಬಾಗಿಲಲ್ಲಿ ಕೂತಿತು, ಹಾಡು ಗಂಡಸಿನ ಅಂಗಿಯಾಗಿ ನೇತುಬಿತ್ತು. ಮನೆಗೆ ಬಂದ ಗಂಡ ‘ಯಾರು ಬಂದಿದ್ದರು?’ ಎಂದು ಜಗಳ ತೆಗೆದ. ಬಚ್ಚಿಟ್ಟ ಬರಹ ಮನೆಯವರ ಕಣ್ಣಿಗೆ ಬಿದ್ದಾಗ ಆಗುವುದೂ ಇದೇ. ನೀವು ಸುಸ್ತಿನಲ್ಲಿ ಬರೆದ ಒಂದು ಸಾಲು ಅವರಿಗೆ ದೂರಿನಂತೆ, ದ್ರೋಹದಂತೆ ಕಾಣುತ್ತದೆ. ಹಾಗಾಗಿ ನಿಮ್ಮ ಭಯ ಅತಿರೇಕದ್ದಲ್ಲ. ಆ ಭಯದಲ್ಲೇ ಬರೆದರೆ ಬರಹವೂ ನೇರವಾಗಿರುವುದಿಲ್ಲ.

ಬರೆದದ್ದನ್ನು ಇಟ್ಟುಕೊಳ್ಳಲೇಬೇಕು ಎಂಬುದು ಮತ್ತೊಂದು ತಪ್ಪು ತಿಳಿವಳಿಕೆ. ಉಪಯೋಗ ಇರುವುದು ಬರೆಯುವುದರಲ್ಲಿ, ಇಟ್ಟುಕೊಳ್ಳುವುದರಲ್ಲಿ ಅಲ್ಲ. ಭಾರದ ಪುಟಗಳನ್ನು ಬಿಡಿ ಹಾಳೆಯಲ್ಲಿ ಬರೆದು, ನಿದ್ದೆ ಊಟದ ಅಂಕಿಗಳನ್ನೂ ನಾಳೆಯ ಬದಲಾವಣೆಯನ್ನೂ ಬೇರೆ ಕಡೆ ಇಳಿಸಿಕೊಂಡು, ಉಳಿದದ್ದನ್ನು ಚೂರು ಮಾಡಿ ನೀರಿನಲ್ಲಿ ನೆನೆಸಿ ಹಿಂಡಿ ಬಿಸಾಡಿ. ಬರೀ ಹರಿದು ಕಸದ ಬುಟ್ಟಿಗೆ ಹಾಕಿದರೆ ಅಕ್ಷರ ಓದಿಸಿಕೊಳ್ಳುತ್ತದೆ. ಆ ಅಂಕಿಗಳಿಗೆ ಹಾಲಿನ ಲೆಕ್ಕದ ಪುಸ್ತಕದ ಹಿಂಬದಿ ಸಾಕು: ‘ಮಂ, ನಿ 4 ಸಲ, ಊ 3:30’ ಎಂದರೆ ಯಾರಿಗೆ ಅರ್ಥವಾಗಬೇಕು? ಫೋನಿನಲ್ಲಿ ಬರೆಯುವುದಾದರೆ ಪ್ರತ್ಯೇಕ ಲಾಕ್ ಇರುವ ನೋಟ್ಸ್ ಆ್ಯಪ್ ಇರಲಿ. ವಾಟ್ಸ್‌ಆ್ಯಪ್‌ನಲ್ಲಿ ತಮಗೆ ತಾವೇ ಮೆಸೇಜ್ ಹಾಕಿಕೊಳ್ಳುವವರಿದ್ದಾರೆ. ಕೈತಪ್ಪಿ ಫ್ಯಾಮಿಲಿ ಗ್ರೂಪಿಗೆ ಹೋದರೆ ಕಥೆ ಮುಗಿಯಿತು, ಗಂಡನ ಲ್ಯಾಪ್‌ಟಾಪಿಗೆ ಜೋಡಿಸಿದ್ದರೆ ಅಲ್ಲೂ ತೆರೆದುಕೊಳ್ಳುತ್ತದೆ. ಮನೆಯಲ್ಲಿ ಕೈ ಎತ್ತುವವರು, ಫೋನು ಕಸಿದು ನೋಡುವವರು ಇದ್ದರೆ ಮಾತ್ರ ಏನನ್ನೂ ಬರೆದಿಡಬೇಡಿ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.

ಈಗ ನೀವು ಕೇಳದ ಪ್ರಶ್ನೆ.

ಹೆರಿಗೆಯಾದ ಎರಡು ಮೂರು ದಿನಕ್ಕೆ ಶುರುವಾಗಿ ಎರಡು ವಾರದೊಳಗೆ ತಾನಾಗಿ ಇಳಿಯುವ ಅಳು ಅರ್ಧಕ್ಕಿಂತ ಹೆಚ್ಚು ಬಾಣಂತಿಯರಿಗೆ ಬರುತ್ತದೆ. ನಿಮ್ಮದು ಏಳನೇ ತಿಂಗಳು, ಅದೂ ತಿಂಗಳುಗಳಿಂದ ಇರುವ ಬೇಸರ. ಅದನ್ನು ಈ ಲೆಕ್ಕಕ್ಕೆ ಹಾಕಲಾಗದು. ಹೆರಿಗೆಯ ನಂತರದ ಖಿನ್ನತೆ ಮೊದಲ ವರ್ಷದಲ್ಲಿ ಯಾವಾಗ ಬೇಕಾದರೂ ಕಾಣಿಸಿಕೊಳ್ಳಬಹುದು. ಭಾರತದ 38 ಅಧ್ಯಯನಗಳನ್ನು ಒಟ್ಟುಮಾಡಿ 2017ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಅದು ಶೇ 22, ಅಂದರೆ ಐವರು ತಾಯಂದಿರಲ್ಲಿ ಒಬ್ಬರಿಗಿಂತ ತುಸು ಹೆಚ್ಚು. ಪತ್ರ ನೋಡಿ ನಿಮಗೆ ಅದೇ ಇದೆ ಎಂದು ಹೇಳಲಾರೆ. ಆದರೆ ಎರಡು ವಾರಕ್ಕೂ ಹೆಚ್ಚು ಕಾಲ ದಿನದ ಬಹುಪಾಲು ಮಂಕು, ಮಗು ಮಲಗಿದಾಗಲೂ ಬಾರದ ನಿದ್ದೆ, ಯಾವುದರಲ್ಲೂ ರುಚಿಯಿಲ್ಲದಿರುವುದು, ‘ಒಳ್ಳೆ ತಾಯಿಯಲ್ಲ’ ಎಂಬ ಬಿಡದ ಕೊರಗು: ಇವುಗಳಲ್ಲಿ ಎರಡು ಮೂರಾದರೂ ಇದ್ದರೆ ಡೈರಿ ಸಾಲದು, ವೈದ್ಯರು ಬೇಕು.

ವೈದ್ಯರಲ್ಲಿ ಏನಾಗುತ್ತದೆ ಎಂದು ಗೊತ್ತಿದ್ದರೆ ಹೋಗುವುದು ಸುಲಭ. ಎಡಿನ್‌ಬರೋ ಪ್ರಶ್ನಾವಳಿ ಎಂದು 1987ರಿಂದ ಬಳಕೆಯಲ್ಲಿರುವ ಹತ್ತು ಪ್ರಶ್ನೆಗಳಿವೆ, ಕಳೆದ ಏಳು ದಿನಗಳ ಬಗ್ಗೆ; ಕನ್ನಡದಲ್ಲೂ ಇದೆ. ಒಟ್ಟು 30 ಅಂಕ. ಅದು ಜರಡಿ ಅಷ್ಟೆ, ರೋಗನಿರ್ಣಯವಲ್ಲ. ಜೊತೆಗೆ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ ಎಂದು ನೀವೇ ಕೇಳಿ. ಹೆರಿಗೆಯ ನಂತರ ಕೆಲವರಿಗೆ ಥೈರಾಯ್ಡ್ ಏರುಪೇರಾಗುತ್ತದೆ, ಅದು ಕುಸಿಯುವುದು ಹೆಚ್ಚಾಗಿ ನಾಲ್ಕರಿಂದ ಎಂಟನೇ ತಿಂಗಳ ನಡುವೆ. ಸುಸ್ತು, ಮಂಕು, ಅಳು ಎಲ್ಲ ಅದರಿಂದಲೂ ಬರಬಹುದು. ರಕ್ತಹೀನತೆಯಂತೂ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57 ಮಂದಿಗೆ ಇದೆ. ಕಬ್ಬಿಣದಂಶ ಇಲ್ಲದೆ ಬಂದ ಸುಸ್ತಿಗೆ ಎಷ್ಟು ಪುಟ ಬರೆದರೂ ಪ್ರಯೋಜನವಿಲ್ಲ. ಖಿನ್ನತೆಯೇ ಆಗಿದ್ದರೆ ಸೌಮ್ಯವಾದದ್ದು ಆಪ್ತಸಮಾಲೋಚನೆಯಲ್ಲೇ ಇಳಿಯಬಹುದು. ಮಾತ್ರೆ ಬೇಕಾದರೂ ಹಾಲುಣಿಸುತ್ತಲೇ ತೆಗೆದುಕೊಳ್ಳಬಹುದಾದವು ಇವೆ. ಮಾತ್ರೆಯ ಭಯಕ್ಕೆ ಎದೆಹಾಲು ಬಿಡಿಸಬೇಡಿ, ಎದೆಹಾಲಿನ ನೆಪಕ್ಕೆ ಮಾತ್ರೆಯನ್ನೂ ಬಿಡಬೇಡಿ.

ಬರೆಯಲು ಕೈ ಬಾರದ ಒಂದು ವಿಷಯವಿದೆ, ನಿಮಗೆ ಇರಲಿ ಬಿಡಲಿ, ಹೇಳಿಬಿಡುತ್ತೇನೆ. ‘ಮಗುವನ್ನು ಮಹಡಿಯಿಂದ ಬೀಳಿಸಿಬಿಟ್ಟರೆ’, ‘ಈಳಿಗೆ ತಾಗಿಬಿಟ್ಟರೆ’ ಎಂಬಂಥ ಬೇಡದ ಚಿತ್ರಗಳು ಬಹಳಷ್ಟು ತಾಯಂದಿರ ತಲೆಯಲ್ಲಿ ಹಾದುಹೋಗುತ್ತವೆ. ಅದನ್ನು ಕಂಡು ನೀವೇ ಬೆಚ್ಚುತ್ತೀರಿ ಎಂದರೆ ಅದು ಆತಂಕ. ನೀವು ಕೆಟ್ಟವರು ಎಂದಲ್ಲ. ನಮ್ಮಲ್ಲಿ ಬಾಣಂತಿ ಸನ್ನಿ ಎನ್ನುವುದು ಬೇರೆ. ಅದು ಸಾವಿರಕ್ಕೆ ಒಬ್ಬಿಬ್ಬರಿಗೆ, ಹೆಚ್ಚಾಗಿ ಮೊದಲ ಎರಡು ವಾರದಲ್ಲಿ ಬರುತ್ತದೆ: ಇಲ್ಲದ ಧ್ವನಿ ಕೇಳುವುದು, ಮಗುವಿನ ಬಗ್ಗೆ ವಿಚಿತ್ರ ನಂಬಿಕೆ, ದಿನಗಟ್ಟಲೆ ನಿದ್ದೆಯೇ ಬೇಡವಾಗುವುದು. ಅದು ಅದೇ ದಿನ ಆಸ್ಪತ್ರೆಗೆ ಒಯ್ಯಬೇಕಾದ ಸ್ಥಿತಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೇ ದಾಖಲು ಮಾಡಿಕೊಳ್ಳುವ ವಿಭಾಗ 2009ರಿಂದ ಇದೆ.

ನೀವು ಮೊದಲು ಹೋಗಬೇಕಾದದ್ದು ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ. ತಾಲ್ಲೂಕುಗಳಲ್ಲಿರುವವರು ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಯಾವ ದಿನ ಬರುತ್ತಾರೆಂದು ಆಶಾ ಕಾರ್ಯಕರ್ತೆಯನ್ನು ಕೇಳಬಹುದು. ಹೊರಗೆ ಕಾಲಿಡುವುದೇ ಕಷ್ಟ ಎನ್ನುವುದಾದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್, 14416: ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ‘ಹುಚ್ಚಿನ ಡಾಕ್ಟರ್ ಹತ್ರ ಯಾಕೆ’ ಎಂದು ಮನೆಯಲ್ಲಿ ತಕರಾರು ಬಂದರೆ ಥೈರಾಯ್ಡ್ ಪರೀಕ್ಷೆಗೆ ಎಂದು ಹೊರಡಿ; ಸುಳ್ಳೂ ಅಲ್ಲ.

ಹೋಗುವಾಗ ಎರಡು ವಾರದ ಆ ನಿದ್ದೆ ಊಟದ ಸಾಲುಗಳನ್ನು ಜೊತೆಗೊಯ್ಯಿರಿ. ‘ಒಂಥರಾ ಬೇಸರ ಡಾಕ್ಟ್ರೇ’ ಎಂದರೆ ವೈದ್ಯರಿಗೆ ಹಿಡಿತ ಸಿಗುವುದಿಲ್ಲ, ‘ಹದಿನಾಲ್ಕು ದಿನದಲ್ಲಿ ಹತ್ತು ದಿನ ಎರಡು ಗಂಟೆಗೆ ಎಚ್ಚರವಾಗಿ ಮತ್ತೆ ನಿದ್ದೆ ಬಂದಿಲ್ಲ’ ಎಂದರೆ ಸಿಗುತ್ತದೆ.

ಸೀರೆಗಳ ನಡುವೆ ಇರುವ ಹಳೆಯ ಪುಸ್ತಕವನ್ನು ಮತ್ತೆ ಮೊದಲಿನಿಂದ ಓದಬೇಡಿ. ಎಲ್ಲಿಯಾದರೂ ‘ನಾನಿಲ್ಲದಿದ್ದರೇ ಒಳ್ಳೆಯದು’, ‘ಸತ್ತುಹೋಗಬೇಕು’ ಎಂದು ಬರೆದ ನೆನಪಿದ್ದರೆ, ಆ ಒಂದು ಮಾತನ್ನು ಇವತ್ತೇ 14416ಕ್ಕೆ ಕರೆ ಮಾಡಿ ಹೇಳಿ, ತಂಗಿಗೂ ಹೇಳಿ. ಅಂಥದ್ದೇನೂ ಇಲ್ಲ ಎಂದಾದರೆ, ಬರೆದ ಪುಟಗಳನ್ನು ಚಿಕ್ಕವನು ಮಲಗಿದ ಹೊತ್ತಿನಲ್ಲಿ ಹರಿದು ನೆನೆಹಾಕಿ. ಖಾಲಿ ಪುಟಗಳು ಉಳಿದಿರುತ್ತವಲ್ಲ, ಅವುಗಳಲ್ಲಿ ರಾತ್ರಿಯ ಪಟ್ಟಿ ಬರೆಯಿರಿ. ಆ ಪುಸ್ತಕ ಅಡುಗೆಮನೆಯ ಕಟ್ಟೆಯ ಮೇಲೆ ಬಿದ್ದಿದ್ದರೂ ಚಿಂತೆಯಿಲ್ಲ. ಅತ್ತೆ ಓದಿದರೆ ಸಿಲಿಂಡರ್ ಬುಕ್ ಮಾಡಬೇಕು ಎಂದು ಅವರಿಗೂ ಗೊತ್ತಾಗುತ್ತದೆ.